ಹದ್ದಿನ ಬಂಡೆಯ ಚಿತ್ರ

ಗೋಪೀನಾಥನಿಗೆ ಬೇಕಾಗಿದ್ದದ್ದು ಒಂದೇ ಒಂದು ಚಿತ್ರ. ಅದರಲ್ಲಿ ಮದುಮಗ ಇರಬಾರದು, ಮದುಮಗಳು ಇರಬಾರದು, ಹಿಂದಿನ ಪರದೆಯ ಮೇಲೆ ಬಣ್ಣ ಮಾಸಿದ ನವಿಲಂತೂ ಇರಲೇಬಾರದು.

ಹೊಸೂರಿನ ಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಸ್ಟುಡಿಯೋ ಅವನದು. ಸುತ್ತಮುತ್ತ ಕಾರ್ಖಾನೆಗಳು ಏಳತೊಡಗಿದ್ದ ಕಾಲ. ಕೆಲಸಕ್ಕೆ ಸೇರುವವರು ಪಾಸ್‌ಪೋರ್ಟ್ ಅಳತೆಯ ಚಿತ್ರಕ್ಕೆ ಬರುತ್ತಿದ್ದರು, ಸೇರಿದವರು ಮದುವೆಗೆ ಕರೆಯುತ್ತಿದ್ದರು. ಊರು ಅವನನ್ನು ಮದುವೆ ಗೋಪಿ ಎಂದೇ ಕರೆಯುತ್ತಿತ್ತು. ಆ ವರ್ಷ ಬೆಂಗಳೂರಿನ ಛಾಯಾಗ್ರಾಹಕರ ಸಂಘವೊಂದು ಕಡಲು, ಮರುಭೂಮಿ, ಬಂಡೆ ಎಂಬ ಮೂರು ವಿಷಯಗಳ ಮೇಲೆ ಪ್ರದರ್ಶನ ಏರ್ಪಡಿಸಿತು. ಗೊತ್ತಿದ್ದವರೆಲ್ಲ ರಾಮೇಶ್ವರಕ್ಕೋ ರಾಜಸ್ಥಾನಕ್ಕೋ ರೈಲು ಹತ್ತಿದರು. ಗೋಪೀನಾಥನಿಗೆ ಅಷ್ಟು ದಿನ ಸ್ಟುಡಿಯೋ ಮುಚ್ಚುವ ಹಾಗಿರಲಿಲ್ಲ. ಆದರೆ ಹತ್ತಿರದಲ್ಲೇ, ಡೆಂಕಣಿಕೋಟೆಯ ಆಚೆ, ಹದ್ದಿನ ಬಂಡೆ ಇತ್ತು. ನೆತ್ತಿಯಿಂದ ಬುಡದವರೆಗೆ ಚಾಕುವಿನಲ್ಲಿ ಕೊಯ್ದ ಹಾಗೆ ನಿಂತ ಬಂಡೆ. ಸೋಮವಾರದೊಳಗೆ ಅದರ ಚಿತ್ರ ಬೆಂಗಳೂರು ಸೇರಬೇಕು. ಈ ಸಲ ತಪ್ಪಿದರೆ ಸಾಯುವ ತನಕ ನವಿಲಿನ ಪರದೆಯೇ ಗತಿ ಎಂದು ಅವನು ನಂಬಿಬಿಟ್ಟಿದ್ದ.

ಹಾಗಾಗಿ ಶ್ರಾವಣದ ಒಂದು ಶನಿವಾರ ಬೆಳಿಗ್ಗೆ ಮೂವರು ಬೆಟ್ಟದ ಬುಡದಲ್ಲಿ ನಿಂತಿದ್ದರು. ಕ್ಯಾಮೆರಾ ಹೊತ್ತ ಗೋಪೀನಾಥ ಒಬ್ಬ. ಅವನ ಅಕ್ಕ ಕಾಮಾಕ್ಷಮ್ಮ ಇನ್ನೊಬ್ಬಳು. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಭೂಗೋಳ ಕಲಿಸುವವಳು. ಕೊರಳಲ್ಲಿ ಆಟದ ಮೈದಾನದ ಸೀಟಿ, ಕಾಲಲ್ಲಿ ಕ್ಯಾನ್ವಾಸ್ ಬೂಟು, ತಲೆಯ ತುಂಬ ಆತ್ಮವಿಶ್ವಾಸ. ಮೂರನೆಯವನು ದಾಸಪ್ಪ. ಬುಡದ ಹಳ್ಳಿಯಲ್ಲಿ ರಾಗಿ ಬೆಳೆಯುವವನು. ಮಗಳ ಮದುವೆಯ ಚಿತ್ರ ತೆಗೆಸಿದ್ದ ಗುರುತಿನ ಮೇಲೆ ದಾರಿ ತೋರಿಸಲು ಒಪ್ಪಿದ್ದ. ತಾನು ಬಂಡೆಯ ನೆತ್ತಿಗೆ ಹೋಗಿದ್ದು ಒಂದೇ ಸಲ, ಅದೂ ಅಪ್ಪನ ಹೆಗಲ ಮೇಲೆ ಕೂತು ಎಂಬುದನ್ನು ಅವನು ಹೇಳಿರಲಿಲ್ಲ. ಇವರೂ ಕೇಳಿರಲಿಲ್ಲ.

ಬೆಟ್ಟದ ನಡುವಿನಲ್ಲಿ ತಿಮ್ಮರಾಯನ ಗುಡಿ ಇದೆ. ಅಲ್ಲಿಯವರೆಗೆ ಮೆಟ್ಟಿಲು, ಜನ, ಕಾಯಿ ಒಡೆಯುವ ಸದ್ದು. ಗುಡಿಯ ಹಿಂದಿನಿಂದ ಶುರುವಾಗುವುದು ಬರೀ ಬೋಳು ಬಂಡೆ. ಆನೆಯ ಬೆನ್ನಿನ ಹಾಗೆ ಉಬ್ಬಿ, ಇಳಿದು, ಮತ್ತೆ ಉಬ್ಬುತ್ತಾ ಹೋಗುವ ಬೂದು ಕಲ್ಲು. ಮಳೆನೀರು ಹರಿದ ಕಪ್ಪು ಗೆರೆಗಳು, ಸಂದಿಯಲ್ಲಿ ಒಂದಿಷ್ಟು ಹುಲ್ಲು, ಅಲ್ಲಲ್ಲಿ ಕಳ್ಳಿ. ಮರವಿಲ್ಲ, ಹೆಜ್ಜೆ ಗುರುತಿಲ್ಲ. ಯಾವ ಕಡೆ ನೋಡಿದರೂ ಒಂದೇ ತರ. ಮೇಲೆ ಮೋಡ ಸರಿಯುತ್ತಿದ್ದರೆ ಬಂಡೆಯೇ ಸರಿದ ಹಾಗೆ ಕಾಣುತ್ತಿತ್ತು.

ವಾಪಸು ಬರುವಾಗ ದಾರಿ ತಪ್ಪಬಾರದಲ್ಲ ಎಂದು ಕಾಮಾಕ್ಷಮ್ಮ ಒಂದು ಉಪಾಯ ಮಾಡಿದಳು. ಗುಡಿಯ ಹಿಂದಿನಿಂದ ಸ್ವಲ್ಪ ಸ್ವಲ್ಪ ದೂರಕ್ಕೆ ಕಲ್ಲಿನ ಮೇಲೆ ಕಲ್ಲು ಪೇರಿಸುತ್ತಾ ಬಂದಳು. ದಾಸಪ್ಪ ಬೆರಗಾಗಿ ನೋಡುತ್ತಿದ್ದ. ಒಂದೆರಡು ಕಡೆ ತಾನೇ ಒಳ್ಳೆಯ ಚಪ್ಪಟೆ ಕಲ್ಲು ಹುಡುಕಿ ತಂದುಕೊಟ್ಟ, ಕೈಮುಗಿದ, ಏನೂ ಕೇಳಲಿಲ್ಲ. ಟೀಚರಮ್ಮನವರ ಸ್ವಂತ ವಿಷಯಕ್ಕೆ ಕೈ ಹಾಕುವ ಮನುಷ್ಯ ಅವನಲ್ಲ.

ಮಧ್ಯಾಹ್ನದ ಹೊತ್ತಿಗೆ ಹದ್ದಿನ ಬಂಡೆ ಸಿಕ್ಕಿತು. ಎದುರಿನ ಗುಡ್ಡದ ಚಾಚಿನ ಮೇಲೆ ನಿಂತರೆ ಇಡೀ ಬಂಡೆಯ ಮುಖ ಕಾಣುತ್ತಿತ್ತು. ಅರಿಶಿನ, ಕಾವಿ, ಕಪ್ಪು ಬಣ್ಣಗಳ ಪಟ್ಟೆಗಳು ಮೇಲಿನಿಂದ ಕೆಳಗಿಳಿದಿದ್ದವು. ನಡುವೆ ಜೇನುಹಟ್ಟಿಗಳು ತೂಗುತ್ತಿದ್ದವು. ಕೆಳಗೆ, ತುಂಬ ಕೆಳಗೆ, ರಾಗಿ ಹೊಲಗಳು, ಕೆರೆ, ದಾಸಪ್ಪನ ಹಳ್ಳಿ. ಗೋಪೀನಾಥನಿಗೆ ಎದೆ ತುಂಬಿ ಬಂತು. ಮೂರು ಕಾಲಿನ ಸ್ಟ್ಯಾಂಡು ನಿಲ್ಲಿಸಿ, ಕ್ಯಾಮೆರಾ ಕೂರಿಸಿ, ಬೆಳಕು ಅಳೆದು ತಲೆ ಎತ್ತುವಷ್ಟರಲ್ಲಿ ಕೆರೆ ಮಾಯವಾಗಿತ್ತು.

ಕಣಿವೆಯಿಂದ ಮಂಜು ಏಳುತ್ತಿತ್ತು. ಹೊಲ ಹೋಯಿತು, ಹಳ್ಳಿ ಹೋಯಿತು, ಬಂಡೆಯ ಮೊಣಕಾಲು ಮುಳುಗಿತು. ಅವನು ಬೈದುಕೊಂಡೇ ಒಂದು ಸಲ ಒತ್ತಿದ. ಇನ್ನೊಂದು ಸಲ ಒತ್ತೋಣ ಎಂದರೆ ಎದುರಿಗೆ ಬಂಡೆಯೇ ಇರಲಿಲ್ಲ.

ಕಾದರು. ಬುತ್ತಿ ಬಿಚ್ಚಿ ತಿಂದರು. ಮಂಜು ಕರಗುವ ಬದಲು ಮೇಲೆ ಹತ್ತಿ ಇವರನ್ನೂ ನುಂಗಿತು. ಬಂದದ್ದೆಲ್ಲ ದಂಡವಾಯಿತು, ಆ ಒಂದು ಚಿತ್ರದಲ್ಲಿ ಊರಿಲ್ಲ, ಕೆರೆಯಿಲ್ಲ, ಅರ್ಧ ಬಂಡೆಯೂ ಇಲ್ಲ ಎಂದು ಗೋಪೀನಾಥ ಗೊಣಗಿದ. ಮೊದಲು ಇಳಿಯೋಣ, ಅಳುವುದನ್ನು ಮನೆಯಲ್ಲಿ ಇಟ್ಟುಕೊಳ್ಳೋಣ ಎಂದಳು ಅಕ್ಕ. ತನ್ನ ಕಲ್ಲುಗಳಿವೆಯಲ್ಲ, ಹೆದರಿಕೆ ಯಾಕೆ ಎಂದು ಮುಂದೆ ನಡೆದಳು.

ಮೊದಲ ಕಲ್ಲಿನ ಪೇರಿಕೆ ಸಿಕ್ಕಿತು. ಎರಡನೆಯದೂ ಸಿಕ್ಕಿತು. ಅದರ ಎಡಕ್ಕೆ ಒಂದು, ಬಲಕ್ಕೆ ಒಂದು. ಮುಂದೆ ಹೋದರೆ ಸಾಲಾಗಿ ಏಳೆಂಟು. ಅದರಾಚೆ ಮಂಜಿನಲ್ಲಿ ಕೈ ಬೀಸಿದಲ್ಲೆಲ್ಲ ಪೇರಿಕೆಗಳು. ಕೆಲವು ಮೊಣಕಾಲೆತ್ತರ, ಕೆಲವು ಗೇಣುದ್ದ. ಕಾಮಾಕ್ಷಮ್ಮ ಒಂದರಿಂದ ಇನ್ನೊಂದಕ್ಕೆ ಓಡಾಡಿದಳು. ಕಣ್ಣುಜ್ಜಿಕೊಂಡಳು. ಯಾವುದು ತನ್ನದು ಎಂದು ಅವಳಿಗೆ ತಿಳಿಯಲಿಲ್ಲ.

"ಇಷ್ಟೊಂದು ನಾನು ಮಾಡ್ಲಿಲ್ಲ" ಎಂದಳು. ಅವಳ ದನಿ ಮೊದಲ ಸಲ ಸಣ್ಣಗಾಗಿತ್ತು.

ದಾಸಪ್ಪ ತಲೆ ಕೆರೆದುಕೊಂಡ. "ಗುಡಿಗೆ ಬಂದೋರು ಕಟ್ಟವ್ರೆ ಟೀಚರಮ್ಮ. ಮನೆ ಆಗ್ಲಿ ಅಂತ ಕಲ್ಲು ಪೇರ್ಸೋದು ಇಲ್ಲಿ ವಾಡಿಕೆ ಅಲ್ವಾ? ನಿಮ್ದು ಕಂಡು ಇವತ್ತು ಇತ್ಲಾಗೆ ಕಟ್ಟಿದ್ರೆ ಒಳ್ಳೇದಾಯ್ತದೆ ಅಂದ್ಕಂಡವ್ರೆ. ನಿಮ್ಗೆ ಯಾಕಪ್ಪಾ ಇಷ್ಟೊಂದು ಮನೆ ಅಂತ ನಾನೂ ಅಂದ್ಕಂಡೆ."

ಅವಲಪಲ್ಲಿಯಲ್ಲಿ ತಮ್ಮ ಮನೆ ಕಟ್ಟುವ ಮೊದಲು ಕಾಮಾಕ್ಷಮ್ಮನೂ ತಾಯಿಯ ಜೊತೆ ಬೆಟ್ಟ ಹತ್ತಿ ಹೀಗೇ ಕಲ್ಲು ಪೇರಿಸಿದವಳು. ಭೂಗೋಳದ ನಕಾಶೆ ಕೈಗೆ ಬಂದ ಮೇಲೆ ಅದು ತಲೆಯಿಂದ ಹಾರಿಹೋಗಿತ್ತು. ದಾರಿ ಗೊತ್ತಲ್ಲ ನಡೆಯಿರಿ ಎಂದು ಅವಳು ದಾಸಪ್ಪನಿಗೆ ಹೇಳಿದಾಗ ಅಪ್ಪನ ಹೆಗಲಿನ ಕತೆಯೂ ಹೊರಬಿತ್ತು. ಈಗ ಮೂವರೂ ಸರಿಸಮ.

ಕಾಮಾಕ್ಷಮ್ಮ ಸೀಟಿ ಊದಿದಳು. ಎದುರಿನ ಬಂಡೆಯಿಂದ ಸೀಟಿ ವಾಪಸು ಬಂತು. ಬೆನ್ನ ಹಿಂದಿನಿಂದಲೂ ಬಂತು. ಯಾರೋ ಉತ್ತರ ಕೊಟ್ಟರೆಂದು ಗೋಪೀನಾಥ ಅತ್ತ ನಾಲ್ಕು ಹೆಜ್ಜೆ ಓಡಿದ.

ಐದನೆಯ ಹೆಜ್ಜೆಗೆ ಕಾಲ ಕೆಳಗೆ ಬಂಡೆ ಇಳಿಜಾರಾಯಿತು.

ಒದ್ದೆ ಕಲ್ಲು. ಚಪ್ಪಲಿ ಜಾರಿತು. ಬೆನ್ನಿನ ಮೇಲೆ ಬಿದ್ದ. ಜಾರುತ್ತಲೇ ಹೋದ. ಕೈಗೆ ಹುಲ್ಲು ಸಿಕ್ಕಿತು, ಕಿತ್ತು ಬಂತು.

ಒಂದು ಬಿರುಕಿಗೆ ಹಿಮ್ಮಡಿ ಸಿಕ್ಕಿಕೊಂಡು ನಿಂತ. ಕ್ಯಾಮೆರಾ ಎದೆಯ ಮೇಲಿತ್ತು. ಪಾದದ ಮುಂದೆ ಬರೀ ಬಿಳುಪು. ಆ ಬಿಳುಪಿನ ಒಳಗಿನಿಂದ ತಣ್ಣನೆಯ ಗಾಳಿ ಮೇಲಕ್ಕೆ ಬರುತ್ತಿತ್ತು.

"ಗೋಪಿ, ಅಲ್ಲಾಡ್ಬೇಡ ಕಣೋ" ಎಂದಳು ಅಕ್ಕ.

ಅವಳು ಹೊಟ್ಟೆಯ ಮೇಲೆ ಮಲಗಿ, ದಾಸಪ್ಪ ಹೊತ್ತಿದ್ದ ಸ್ಟ್ಯಾಂಡನ್ನು ಉದ್ದಕ್ಕೆ ಎಳೆದು ಕೆಳಗೆ ಚಾಚಿದಳು. ದಾಸಪ್ಪ ಅವಳ ಕಾಲು ಹಿಡಿದು, ತನ್ನ ಕಾಲನ್ನು ಕಳ್ಳಿಯ ಬುಡಕ್ಕೆ ಒತ್ತಿಕೊಟ್ಟ. ಗೋಪೀನಾಥ ಒಂದು ಕೈಯಿಂದ ಸ್ಟ್ಯಾಂಡು ಹಿಡಿದ. ಇನ್ನೊಂದು ಕೈ ಕ್ಯಾಮೆರಾ ಬಿಡಲಿಲ್ಲ. ಎರಡು ಕೈಯಲ್ಲೂ ಹಿಡಿಯೋ ಮುಠ್ಠಾಳ ಎಂದು ಅಕ್ಕ ಬೈದಳು. ಬಿಟ್ಟ, ಹಿಡಿದ, ತೆವಳಿದ. ಕ್ಯಾಮೆರಾ ಕೊರಳಿಗೆ ಜೋತು ಬಂಡೆಗೆ ತಾಗುತ್ತಾ ಬಂತು. ಮೇಲೆ ಬಂದವನು ಚಿಕ್ಕ ಹುಡುಗನ ಹಾಗೆ ಅಕ್ಕನ ಸೆರಗು ಹಿಡಿದುಕೊಂಡ. ಸ್ಟ್ಯಾಂಡು ಅವಳ ಕೈಯಿಂದ ಜಾರಿ ಮಂಜಿನೊಳಗೆ ಹೋಯಿತು. ಅದು ಬಿದ್ದ ಸದ್ದು ಕೇಳಲು ಮೂವರೂ ಕಾದರು. ಸದ್ದು ಬರಲೇ ಇಲ್ಲ.

ಅದರಿಂದಲೇ ಕಾಮಾಕ್ಷಮ್ಮನಿಗೆ ಹೊಳೆಯಿತು. ಮುಂದಕ್ಕೆ ಏನಾದರೂ ಎಸೆಯುವುದು, ಕಿವಿಗೊಡುವುದು. ಟಣ್ ಎಂದರೆ ನೆಲ, ಸದ್ದಿಲ್ಲದಿದ್ದರೆ ಪ್ರಪಾತ. ಗೋಪೀನಾಥನ ಚೀಲದಲ್ಲಿ ಮದುವೆಗಳಲ್ಲಿ ಉರಿದುಹೋದ ಫ್ಲಾಶ್ ಬಲ್ಬುಗಳಿದ್ದವು. ಒಂದೊಂದಾಗಿ ಎಸೆದರು. ಟಪ್ ಎಂದ ಕಡೆ ಹೆಜ್ಜೆ ಇಟ್ಟರು. ಎಷ್ಟೋ ದಂಪತಿಗಳ ಬೆಳಕು ಹೀಗೆ ಬಂಡೆಗೆ ಬಡಿದು ಪುಡಿಯಾಯಿತು. ಬಲ್ಬು ಮುಗಿಯಿತು. ಬುತ್ತಿಯ ಡಬ್ಬಿ ಹೋಯಿತು, ಅದರ ಮುಚ್ಚಳವೂ ಹೋಯಿತು. ಮಂಜು ಮಾತ್ರ ಹಾಗೇ ಇತ್ತು, ಹೊತ್ತೂ ಇಳಿಯುತ್ತಿತ್ತು.

ಕಲ್ಲು ಎಸೆಯೋಣವೆಂದರೆ ಬೋಳು ಬಂಡೆಯ ಮೇಲೆ ಬಿಡಿ ಕಲ್ಲು ಒಂದೂ ಉಳಿದಿರಲಿಲ್ಲ. ಇದ್ದಬದ್ದ ಕಲ್ಲನ್ನೆಲ್ಲ ಭಕ್ತರು ಪೇರಿಸಿಬಿಟ್ಟಿದ್ದರು. ಗೋಪೀನಾಥ ಹತ್ತಿರದ ಪೇರಿಕೆಗೆ ಕೈ ಹಾಕಿದ. ದಾಸಪ್ಪ ಅವನ ಮಣಿಕಟ್ಟು ಹಿಡಿದ.

"ಬ್ಯಾಡ ಸಾಮಿ. ಅದು ಒಬ್ರ ಮನೆ."

ಜೀವ ದೊಡ್ಡದೋ ಕಲ್ಲು ದೊಡ್ಡದೋ ಎಂದು ಗೋಪೀನಾಥ ರೇಗಿದ. ಅವು ಬರೀ ಕಲ್ಲು ಎಂದು ಹೇಳಲು ಹೊರಟ ಕಾಮಾಕ್ಷಮ್ಮ ತಾನು ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಅಮ್ಮ ಸೊಂಟ ಹಿಡಿದುಕೊಂಡು ಕಲ್ಲು ಆರಿಸಿದ್ದು ಅವಳ ಕಣ್ಣಿಗೆ ಕಟ್ಟಿತು. ಮೂವರೂ ಪೇರಿಕೆಯ ಸುತ್ತ ಕೂತರು.

ಆಮೇಲೆ ದಾಸಪ್ಪ ಎದ್ದ. ತಲೆಯ ಟವಲು ಬಿಚ್ಚಿ ಸೊಂಟಕ್ಕೆ ಸುತ್ತಿದ, ಕೈಮುಗಿದ.

"ಒಂದೊಂದ್ರಾಗೂ ಮೇಲಿನ ಕಲ್ಲು ಮಾತ್ರ ತಗಳವ. ಮಾಳಿಗೆ ಕೇಳ್ದೋರ್ಗೆ ನೆಲದ ಮನೆ ಸಿಕ್ತದೆ. ಬರೋ ಶನಿವಾರ ನಾನೇ ಬಂದು ಮಾಳಿಗೆ ಕಟ್ಕೊಡ್ತೀನಿ."

ಭಯದ ನಡುವೆಯೂ ಕಾಮಾಕ್ಷಮ್ಮ ನಕ್ಕುಬಿಟ್ಟಳು. ಆದರೆ ಕಲ್ಲು ತೆಗೆಯುವಾಗ ಅವಳೂ ಕೈ ಹಗುರ ಮಾಡಿದಳು. ಎಸೆಯುವುದು, ಕೇಳುವುದು, ನಡೆಯುವುದು. ಒಂದು ಕಡೆ ಟಣ್ ಎಂದದ್ದು ಟಣ್ ಟಣ್ ಎಂದು ಉರುಳಿ ದೂರ ಹೋಯಿತು. ಅದು ನೆಲವೋ ಪ್ರಪಾತವೋ ತಿಳಿಯದೆ ಮೂವರೂ ವಾದ ಮಾಡಿ ಬೇರೆ ಕಡೆ ತಿರುಗಿದರು. ಇನ್ನೊಂದು ಕಡೆ ಸುತ್ತಿ ಸುತ್ತಿ, ಮೇಲಿನ ಕಲ್ಲು ತೆಗೆದಿದ್ದ ಪೇರಿಕೆಗೇ ಮತ್ತೆ ಬಂದು ನಿಂತರು. ಗೋಪೀನಾಥನಿಗೆ ಅಳು ಬರುವ ಹಾಗಾಯಿತು. ನಡೆಯುತ್ತಾ ಕೂಗಿದರು, ಮೊದಲು ಕನ್ನಡದಲ್ಲಿ, ಆಮೇಲೆ ತೆಲುಗಿನಲ್ಲಿ, ಆಮೇಲೆ ತಮಿಳಿನಲ್ಲಿ.

ಕೊನೆಗೆ ಎಸೆದ ಕಲ್ಲೊಂದು ಟಣ್ ಎನ್ನಲಿಲ್ಲ, ಢಣ್ ಎಂದಿತು. ಹಿಂದೆಯೇ ಮೂರೂ ಭಾಷೆ ಬೆರೆಸಿದ ಬೈಗುಳ ಬಂತು. ಅದು ತಿಮ್ಮರಾಯನ ಗುಡಿಯ ಹಿಂದಿಟ್ಟ ಹಿತ್ತಾಳೆಯ ಕೊಳಗ. ಬೈದವನು ಅದನ್ನು ತೊಳೆಯುತ್ತಿದ್ದ ಪೂಜಾರಿ ಕದಿರಪ್ಪ. ಅಷ್ಟು ಸಿಹಿಯಾದ ಬೈಗುಳವನ್ನು ಗೋಪೀನಾಥ ಹುಟ್ಟಿದ ಮೇಲೆ ಕೇಳಿರಲಿಲ್ಲ. ಉಳಿದ ಪುಳಿಯೋಗರೆ ತಿಂದು, ಕತ್ತಲಾಗುವ ಮೊದಲು ಮೆಟ್ಟಿಲಿಳಿದರು.

ಭಾನುವಾರ ಫಿಲ್ಮ್ ತೊಳೆದು, ಆ ಒಂದೇ ಚಿತ್ರವನ್ನು ದೊಡ್ಡದು ಮಾಡಿ, ಸೋಮವಾರ ಗೋಪೀನಾಥ ಸಂಘಕ್ಕೆ ತಲುಪಿಸಿದ. ಮುಖದಲ್ಲಿ ಕಳೆಯಿರಲಿಲ್ಲ. ಹೆಸರಿನ ಕೆಳಗೆ ವಿಷಯವನ್ನೂ ಊರನ್ನೂ ಬರೆಯದೆ ಬಂದ.

ಪ್ರದರ್ಶನ ತೆರೆದ ದಿನ ಮೂವರೂ ಬಸ್ಸು ಹತ್ತಿ ಹೋದರು. ಬಂಡೆಗಳ ಕೋಣೆಯಲ್ಲಿ ಅವನ ಚಿತ್ರ ಇರಲಿಲ್ಲ. ಮರುಭೂಮಿಯಲ್ಲೂ ಇರಲಿಲ್ಲ. ಕಡಲಿನ ಕೋಣೆಯಲ್ಲಿ ನಟ್ಟನಡುವಿನ ಗೋಡೆಯ ಮೇಲೆ ಹದ್ದಿನ ಬಂಡೆ ನಿಂತಿತ್ತು. ಬುಡದ ಮಂಜು ನೊರೆಗಟ್ಟಿದ ಅಲೆಗಳ ಹಾಗೆ ಕಲ್ಲಿಗೆ ಬಡಿಯುತ್ತಿತ್ತು. ಕಡಲಿನ ಚಿತ್ರಗಳಲ್ಲಿ ಇದಕ್ಕೇ ಮೊದಲ ಬಹುಮಾನವೆಂದು ತೀರ್ಪುಗಾರರು ಮಾತಾಡಿಕೊಂಡಿದ್ದಾರೆ, ಇದು ಯಾವ ತೀರ ಎಂದು ಸಂಘದ ಹಿರಿಯರು ಬಂದು ಕೈ ಕುಲುಕಿ ಕೇಳಿದರು.

ಗೋಪೀನಾಥ ಅಕ್ಕನ ಮುಖ ನೋಡಿದ. ಸುಮ್ಮನಿದ್ದರೆ ಬಹುಮಾನ. ಆದರೆ ಯಾವುದೋ ತೀರದ ಹೆಸರಲ್ಲಿ ಬರುವ ಬಹುಮಾನ. ಅವನಿಗೆ ಹಿಮ್ಮಡಿ ಸಿಕ್ಕಿಕೊಂಡಿದ್ದ ಬಿರುಕು ನೆನಪಾಯಿತು.

"ಕಡಲಲ್ಲ ಸಾರ್" ಎಂದ. "ಹೊಸೂರು ಸೀಮೆ. ಅದು ಬರೀ ಮಂಜು."

ಹಿರಿಯರು ಪೆಚ್ಚಾದರು. ಬಂಡೆಗಳ ಕೋಣೆ ತುಂಬಿದೆ, ಬಾಗಿಲ ಹಿಂದೆ ಒಂದಿಷ್ಟು ಜಾಗ ಬಿಟ್ಟರೆ ಬೇರೆ ಇಲ್ಲ, ಅಲ್ಲಿನ ಬಹುಮಾನವೂ ಆಗಲೇ ತೀರ್ಮಾನವಾಗಿದೆ ಎಂದರು. ಅಲ್ಲೇ ಹಾಕಿ ಎಂದ ಗೋಪೀನಾಥ. ಕಡಲು ಎಂಬ ಚೀಟಿ ಕಿತ್ತು, ತನ್ನ ಹೆಸರಿನ ಕೆಳಗೆ ಊರನ್ನು ದೊಡ್ಡದಾಗಿ ಬರೆದ. ಮೊಳೆ ಹೊಡೆಯುವಾಗ ದಾಸಪ್ಪ ಚಿತ್ರ ಎತ್ತಿ ಹಿಡಿದಿದ್ದ.

ಬಾಗಿಲ ಹಿಂದೆ ಇಣುಕಿದವರಿಗೆಲ್ಲ ದಾಸಪ್ಪನೇ ವಿವರಣೆ ಕೊಟ್ಟ. ಬಿಳಿ ಮಂಜಿನ ಒಂದು ಮೂಲೆಗೆ ಬೆರಳಿಟ್ಟು, "ಇದ್ರ ಕೆಳಗೇ ನಮ್ ರಾಗಿ ಹೊಲ ಐತೆ ನೋಡಿ" ಎನ್ನುತ್ತಿದ್ದ. ಜನ ಬಗ್ಗಿ ಬಗ್ಗಿ ನೋಡುತ್ತಿದ್ದರು. ಅವರ ಬೆನ್ನ ಹಿಂದೆ ನಿಂತು ಗೋಪೀನಾಥನೂ ಕಣ್ಣು ಕಿರಿದು ಮಾಡಿ ಆ ಬಿಳುಪಿನಲ್ಲಿ ಹೊಲ ಹುಡುಕಿದ.