ಸಂತೆಕಲ್ಲೂರಿನ ಬಾವಿಯ ಅಳತೆ

ಈ ಮನುಷ್ಯ ಮನೆಯಲ್ಲೇ ಕೂತು ಸೊನ್ನೆ ಬರೆದಿದ್ದಾನೆ ಎಂದುಕೊಂಡೇ ಜಂಬಮ್ಮ ಮಸ್ಕಿಯ ಬಸ್ಸು ಹತ್ತಿದ್ದಳು.

೧೯೮೭ರ ಆಗಸ್ಟ್. ಮಳೆ ಕೈಕೊಟ್ಟು ಮೂರು ವರ್ಷವಾಗಿತ್ತು. ಮುಂದಿನ ಬೇಸಿಗೆಗೆ ಈಗಲೇ ನೀರಿನ ಯೋಜನೆ ಸಿದ್ಧವಾಗಲಿ ಎಂದು ಹೊಸ ಜಿಲ್ಲಾ ಪರಿಷತ್ತು ಹೇಳಿತ್ತು. ಲಿಂಗಸುಗೂರಿನ ಕಚೇರಿಯಲ್ಲಿ ಅದನ್ನು ಟೈಪ್ ಮಾಡುವ ಕೆಲಸ ಜಂಬಮ್ಮನದು. ಅವಳಿಗೆ ಮೂವತ್ತನಾಲ್ಕು. ಇಬ್ಬರು ತಂಗಿಯರ ಮದುವೆ ಮಾಡುವಷ್ಟರಲ್ಲಿ ತನ್ನದು ಹಿಂದೆ ಬಿದ್ದಿತ್ತು. ಮಸ್ಕಿಯಿಂದ ಬಂದ ಮಳೆ ಲೆಕ್ಕದಲ್ಲಿ ಸಾಲಾಗಿ ಹತ್ತೊಂಬತ್ತು ಸೊನ್ನೆಗಳಿದ್ದವು.

ಬೆಳಿಗ್ಗೆ ಎಂಟೂವರೆಗೆ, ಆ ಲೆಕ್ಕ ಬರೆದು ಕಳಿಸುವ ನರಸಣ್ಣ ಮಸ್ಕಿಯ ಮಳೆಮಾಪಕದ ಮುಚ್ಚಳ ತೆಗೆದು ಒಳಗೆ ಇಣುಕುತ್ತಿದ್ದ. ಬಿಸಿಲಿಗೆ ಕಂದಿದ ಮುಖ, ಕಿವಿಯ ಮೇಲೆ ಪೆನ್ಸಿಲ್.

"ಸೊನ್ನೆ ಬರಿಯಾಕ ದಿನಾ ಬರಬೇಕೇನ್ರಿ?" ಎಂದಳು.

"ನೋಡಿದ ಮ್ಯಾಲನ ಅದು ಸೊನ್ನೆ ಮೇಡಂ. ನೋಡದ ಬರದ್ರ ಸುಳ್ಳು."

ಜಂಬಮ್ಮನ ಕಿವಿ ಕೆಂಪಾಯಿತು. ಅದನ್ನು ಕಂಡು ಅವನು ನಗು ತಡೆದುಕೊಂಡ. ತಡೆದದ್ದು ಅವಳಿಗೂ ಕಂಡಿತು.

ಆಮೇಲೆ ಊರೂರಿನ ಬಾವಿ ಅಳೆಯುವ ಕೆಲಸ ಇಬ್ಬರಿಗೂ ಬಂತು. ಅವನು ಹಗ್ಗ ಇಳಿಸುವನು, ಅವಳು ಬರೆದುಕೊಳ್ಳುವಳು. ಸೆಪ್ಟೆಂಬರಿನ ಬಿಸಿಲು, ಕೆಟ್ಟು ನಿಲ್ಲುವ ಬಸ್ಸು, ಧೂಳು. ಮಾತಾಡಲೂ ತ್ರಾಣವಿಲ್ಲದ ಸಂಜೆಗಳಲ್ಲಿ ಒಂದೇ ಬೇವಿನ ನೆರಳಲ್ಲಿ ಸುಮ್ಮನೆ ಕೂರುವರು. ಅವನು ರೊಟ್ಟಿ ಮುರಿದು ದೊಡ್ಡ ತುಂಡನ್ನು ಅವಳತ್ತ ಸರಿಸುವನು. ಅವಳು ಅದನ್ನು ಮತ್ತೆ ಅವನತ್ತಲೇ ಸರಿಸುವಳು.

"ಉಣ್ರಿ, ಸೊರಗೀರಿ," ಎನ್ನುವನು.

"ನೀವು ಕನ್ನಡಿ ನೋಡೀರೇನು?"

ಕೊನೆಯದು ಸಂತೆಕಲ್ಲೂರು, ನರಸಣ್ಣನ ಸ್ವಂತ ಊರು. ಊರವರೆಲ್ಲ ಬಾವಿಯ ಸುತ್ತ ನಿಂತಿದ್ದರು. ಹಗ್ಗ ಮೇಲೆ ಬಂತು. ಐದು ಮಾರು ನೀರಿತ್ತು. ಮೂರಕ್ಕಿಂತ ಕಡಿಮೆ ಇದ್ದ ಊರಿಗಷ್ಟೇ ಮೊದಲ ಪಟ್ಟಿಯಲ್ಲಿ ಕೊಳವೆಬಾವಿ.

"ನಮ್ಮವನಾಗಿ ಹಿಂಗ ಬರಸ್ತೀಯೇನಲೇ?" ಎಂದು ಒಬ್ಬ ಮುದುಕ ಕೇಳಿದ. ನರಸಣ್ಣ ಹಗ್ಗ ಸುತ್ತಿದ.

ಮರುದಿನ ಕಚೇರಿಯಲ್ಲಿ ಜಂಬಮ್ಮ ಟೈಪ್‌ರೈಟರ್ ಮೇಲೆ ಬೆರಳಿಟ್ಟು ಕೂತಳು. ಅಳತೆಗಳನ್ನು ಓದಿ ಹೇಳಲು ನರಸಣ್ಣ ಪಕ್ಕದಲ್ಲಿ ನಿಂತಿದ್ದ. ಅವಳ ಹನ್ನೆರಡು ವರ್ಷದ ನೌಕರಿಯಲ್ಲಿ ಒಂದು ಅಂಕಿಯೂ ತಪ್ಪಿರಲಿಲ್ಲ.

"ಎರಡೂವರೆ ಅಂತ ಹೊಡೀಲೇನ್ರಿ?" ಎಂದಳು ಮೆಲ್ಲಗೆ. "ಯಾರಿಗೂ ತಿಳಿಯಂಗಿಲ್ಲ."

ಅವನು ಅವಳ ಬೆರಳನ್ನೇ ನೋಡಿದ.

"ನನ್ನ ಸಲುವಾಗಿ ಕೇಳಿದ್ರಲ್ಲ, ಅಷ್ಟು ಸಾಕು. ಐದು ಹೊಡೀರಿ. ನಮ್ಮೂರು ಸೇರಿದ್ರ ಗುಡದೂರು ಪಟ್ಟಿಯಿಂದ ಬಿಟ್ಟುಹೋಗ್ತೈತಿ. ಅಲ್ಲಿ ಒಂದು ಮಾರೂ ಇಲ್ಲ."

ಅವಳು ಐದು ಎಂದೇ ಹೊಡೆದಳು. ಕಣ್ಣು ತುಂಬಿ ಅಕ್ಷರ ಮಂಜಾದವು.

ಅಕ್ಟೋಬರಿನ ಪರಿಷತ್ತಿನ ಸಭೆಯಲ್ಲಿ ಸದಸ್ಯ ಅಮರಗುಂಡಪ್ಪ ಎದ್ದು ನಿಂತರು. "ಮುಂದಿನ ವರ್ಷ ಮಳಿ ಬಂದ್ರ ಇದೆಲ್ಲಾ ಯಾಕ ಬೇಕು?"

"ಬರಲಿ ಸಾಹೇಬ್ರ," ಎಂದ ನರಸಣ್ಣ. "ಆದ್ರ ಹತ್ತು ವರ್ಷದಾಗ ಮಳಿ ಬೀಳೋ ದಿನ ಕಮ್ಮಿ ಆಗ್ಯಾವ. ಬಂದದ್ದು ಒಮ್ಮೆಲೆ ಸುರದು ಹೋಗ್ತೈತಿ. ಕೆರಿ ಹೂಳು ತೆಗದ್ರ ಒಂದೀಟು ನಿಂತೀತು."

ವಾದ ಮಧ್ಯಾಹ್ನದವರೆಗೂ ನಡೆಯಿತು. ಹನ್ನೊಂದು ಊರಿಗೆ ಕೊಳವೆಬಾವಿ, ನಾಲ್ಕು ಕೆರೆಗೆ ಹೂಳೆತ್ತುವ ಕೆಲಸ ಒಪ್ಪಿಗೆಯಾಯಿತು. ಸಂತೆಕಲ್ಲೂರು ಯಾವುದರಲ್ಲೂ ಇರಲಿಲ್ಲ.

ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನರಸಣ್ಣ ಕುಸಿದು ಕೂತ. "ಅವ್ವನ ನೋಡಾಕ ಹೋಗಬೇಕು. ಊರಾಗ ಯಾರೂ ನನ್ನ ಮಾರಿ ನೋಡಂಗಿಲ್ಲ."

"ನಾ ನೋಡ್ತೀನಲ್ಲ."

ಅವನು ತಲೆಯೆತ್ತಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಜಂಬಮ್ಮಾರ, ನನಗ ಚಂದಾಗಿ ಹೇಳಾಕ ಬರಂಗಿಲ್ಲ. ಭಾಳ ದಣದೀನಿ. ನಿಮ್ಮ ಜೊತಿ ಇದ್ರ ಆ ದಣಿವು ಹಗುರ ಅನಸ್ತೈತಿ. ನನ್ನ ಲಗ್ನ ಆಗ್ತೀರೇನು?"

"ಮೆರವಣಿಗಿ, ಬಾಜಾ ಏನೂ ಬ್ಯಾಡ. ಅಷ್ಟು ಕಸುವು ನನಗಿಲ್ಲ."

"ನನಗೂ ಇಲ್ಲ."

ಇಬ್ಬರೂ ನಕ್ಕರು.

"ನಡೀರಿ," ಎಂದು ಅವಳು ಚೀಲ ಎತ್ತಿಕೊಂಡಳು. "ನಿಮ್ಮವ್ವನ ಇವತ್ತ ಮಾತಾಡಸ್ತೀನಿ."

ಬಸ್ಸು ಊರು ದಾಟುವ ಮೊದಲೇ ಜಂಬಮ್ಮನಿಗೆ ನಿದ್ದೆ ಹತ್ತಿತು. ತಲೆ ಅವನ ಭುಜಕ್ಕೆ ವಾಲಿತು. ನರಸಣ್ಣ ಉಸಿರನ್ನೂ ಮೆಲ್ಲಗೆ ಬಿಟ್ಟ. ಕಂಡಕ್ಟರ್ ಬಂದಾಗ ಪಿಸುಗುಟ್ಟಿದ:

"ಎರಡು, ಸಂತೆಕಲ್ಲೂರು."