ಕೀ ಇಲ್ಲದೆ ಹಾಡಿದ ವ್ಯಾನು

"ಟಕ್!"

ನಾಗೇಶ ಇನ್ನೊಮ್ಮೆ ಕೀ ತಿರುಗಿಸಿದ. ವ್ಯಾನು ಮತ್ತೆ "ಟಕ್" ಅಂದಿತೇ ಹೊರತು ಸ್ಟಾರ್ಟ್ ಆಗಲಿಲ್ಲ.

ಹಿಂದಿನ ಸೀಟಿನಲ್ಲಿ ಅವನ ತಾಯಿ ಹಾಲಮ್ಮ ಹೊಸ ಸೀರೆ ಉಟ್ಟು, ಉಂಡೆ ಡಬ್ಬಿ ಹಿಡಿದು ಕೂತಿದ್ದಳು. ಸೊರಬದಲ್ಲಿ ಮೊಮ್ಮಗಳ ಮಗುವಿಗೆ ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳೇ ಅವಳು.

ಅಜ್ಜಿಯ ಪಕ್ಕದಲ್ಲಿದ್ದ, ನಾಗೇಶನ ಅಣ್ಣನ ಮಗಳು ಸಂಗೀತಳ ಬಾಯಿ ಒಣಗಿತು. ಚಿಕ್ಕಪ್ಪ ವ್ಯಾನಿಗೆ ಹೊಸದಾಗಿ ದೊಡ್ಡ ಆಂಪ್ಲಿಫೈಯರ್ ಹಾಕಿದ್ದ. ಅದು ಕೀ ಇಲ್ಲದೆಯೂ ಹಾಡುತ್ತಿತ್ತು! ನಿನ್ನೆ ಸಂಜೆ ಮನೆಯಲ್ಲಿ ಯಾರೂ ಇಲ್ಲದಾಗ ಅವಳು ಲಾಕ್ ಮಾಡದ ವ್ಯಾನಿನಲ್ಲಿ ಪೆನ್‌ಡ್ರೈವ್ ಚುಚ್ಚಿ, ಎರಡು ಗಂಟೆ ಸ್ಕೂಲ್‌ ಡೇ ಡ್ಯಾನ್ಸ್ ಪ್ರಾಕ್ಟೀಸ್ ಮಾಡಿದ್ದಳು. ಕೊನೆಗೆ ಹಾಡು ಸಣ್ಣಗಾಗಿ ತಾನೇ ನಿಂತಿತ್ತು. ಅವಳು ಏನನ್ನೂ ಆಫ್ ಮಾಡದೆ ಓಡಿಬಂದಿದ್ದಳು.

'ಹೇಳಿಬಿಡಲಾ?' ಮೂರು ಸಲ ಬಾಯಿ ತೆರೆದಳು. ಮೂರು ಸಲವೂ ಮುಚ್ಚಿದಳು.

ಅಷ್ಟರಲ್ಲಿ ಫೋನ್ ಮಾಡಿ ಕರೆಸಿದ್ದ ಮೆಕ್ಯಾನಿಕ್ ಗಿರೀಶ ಬೈಕಿನಲ್ಲಿ ಬಂದ.

"ಎಂಥ ಬ್ಯಾಟ್ರಿ ಕೊಟ್ಯೋ ಗಿರೀಶ? ಒಂದೇ ತಿಂಗ್ಳಿಗೆ ಸತ್ತೈತೆ. ಮೋಸ ಮಾಡಿದಿ!" ನಾಗೇಶ ಬೀದಿಗೆಲ್ಲ ಕೇಳುವಂತೆ ಕೂಗಿದ.

ಗಿರೀಶನ ಮುಖ ಸಣ್ಣದಾಯಿತು. "ಮೊದ್ಲು ತಳ್ಳಣ ರೀ, ಆಮೇಲೆ ಬೈಯಿರಂತೆ. ಅಜ್ಜಿ, ಸ್ವಲ್ಪ ಇಳೀರಿ."

"ಇಳಿಯಂಗಿಲ್ಲ! ರಾಹುಕಾಲ ಬರೋ ಮುಂಚೆ ಹತ್ತಿ ಕುಂತೀನಿ. ಈಗ ಇಳಿದ್ರೆ ರಾಹುಕಾಲದಾಗೆ ಹತ್ತಬೇಕು. ಇನ್ನು ನಾನು ಇಳಿಯೋದು ಸೊರಬದಾಗೇ!"

ಸರಿ, ನಾಗೇಶ ಸ್ಟೇರಿಂಗ್ ಹಿಡಿದ; ಉಳಿದವರು ಅಜ್ಜಿ ಸಮೇತ ವ್ಯಾನು ತಳ್ಳಿದರು. ಗಿರೀಶ, ಸಂಗೀತ, ಬೀದಿಯ ನಾಲ್ಕು ಜನ. ಅಜ್ಜಿ ಒಳಗಿನಿಂದಲೇ "ಇನ್ನೂ ಜೋರಾಗಿ! ಬೆಳಗ್ಗೆ ಉಂಡಿಲ್ಲೇನ್ರೋ?" ಎಂದು ಹುರಿದುಂಬಿಸಿದಳು.

ತಿರುವಿನಲ್ಲಿ ವ್ಯಾನು ಜರ್ಕ್ ಹೊಡೆದು ಸ್ಟಾರ್ಟ್ ಆಯಿತು. ಮರುಕ್ಷಣವೇ "ಡುಬ್ ಡುಬ್ ಡುಬ್!" ಎಂದು ಡ್ಯಾನ್ಸ್ ಹಾಡು ಅಬ್ಬರಿಸಿತು. ಬೇಲಿ ಮೇಲಿದ್ದ ಕೋಳಿ ಹಾರಿಹೋಯಿತು. ಅಜ್ಜಿ ಉಂಡೆ ಡಬ್ಬಿಯನ್ನು ಅಪ್ಪಿಕೊಂಡು "ಶಿವನೇ!" ಎಂದಳು.

ನಾಗೇಶ ಹಾಡು ನಿಲ್ಲಿಸಿ, ಪೆನ್‌ಡ್ರೈವ್ ಕಿತ್ತು ನೋಡಿದ. ಅದರ ಮೇಲೆ ಚಿಟ್ಟೆ ಸ್ಟಿಕ್ಕರ್ ಇತ್ತು.

"ಸಂಗೀತಾ!"

"ಸಾರಿ ಚಿಕ್ಕಪ್ಪ..." ಅವಳ ದನಿ ಅವಳಿಗೇ ಕೇಳಿಸಲಿಲ್ಲ.

"ಬ್ಯಾಟ್ರಿ ತಿಂದವಳು ನೀನೇ ಏನು?"

"ತಡೀರಿ," ಎಂದ ಗಿರೀಶ. "ಕೀ ಯಾರ ಹತ್ರ ಇತ್ತು?"

"ನನ್ನ ಜೇಬಲ್ಲೇ."

"ಮತ್ತೆ ಹೆಂಗೆ ಹಾಡ್ತು?" ಗಿರೀಶ ಬಗ್ಗಿ ಸೀಟಿನ ಅಡಿ ನೋಡಿದ. "ಅಯ್ಯೋ! ಎಲ್ಲಾ ವೈರೂ ಡೈರೆಕ್ಟ್ ಬ್ಯಾಟ್ರಿಗೇ ಕೊಟ್ಟಾರೆ. ಕೀ ತೆಗೆದ್ರೂ ಇದು ರಾತ್ರಿಯೆಲ್ಲ ಕರೆಂಟ್ ಕುಡೀತಾ ಇರ್ತೈತೆ. ಮಧ್ಯೆ ಫ್ಯೂಸೂ ಇಲ್ಲ, ಬೆಂಕಿ ಹತ್ತದಿದ್ದದ್ದೇ ಪುಣ್ಯ. ಯಾರು ಮಾಡಿದ್ದು ಈ ಕೆಲಸ?"

ನಾಗೇಶ ವ್ಯಾನಿನ ಕನ್ನಡಿ ಒರೆಸತೊಡಗಿದ.

"ಇವನೇ," ಎಂದಳು ಅಜ್ಜಿ. "ಮೂರು ದಿನ ಮೊಬೈಲಿನಾಗೆ ವಿಡಿಯೋ ನೋಡ್ಕಂಡು ಮಾಡಿದ."

ಚಿಕ್ಕಪ್ಪನ ಕಿವಿ ಕೆಂಪಾಯಿತು. ಗಿರೀಶ ಆಂಪ್ಲಿಫೈಯರ್ ವೈರನ್ನು ಬಿಚ್ಚಿ, ತುದಿಗೆ ಟೇಪು ಸುತ್ತಿದ. "ನಾಳೆ ಬನ್ನಿ. ಫ್ಯೂಸ್ ಹಾಕಿ, ಕೀ ಆನ್ ಆದ್ರೆ ಮಾತ್ರ ಹಾಡೋ ಹಂಗೆ ಮಾಡ್ತೀನಿ" ಎಂದು ಬೈಕಿನತ್ತ ನಡೆದ.

ಚಿಕ್ಕಪ್ಪ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. ಸಂಗೀತ ಅವನನ್ನೇ ನೋಡುತ್ತಿದ್ದಳು. ಒಣಗಿದ ಆ ಬಾಯಿ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಅವನ ಪಕ್ಕಕ್ಕೆ ಹೋಗಿ ನಿಂತಳು.

"ಗಿರೀಶಾ," ಕೊನೆಗೂ ಚಿಕ್ಕಪ್ಪ ಕೂಗಿದ, ಬೀದಿಗೆಲ್ಲ ಕೇಳುವಂತೆ. "ಬ್ಯಾಟ್ರಿ... ಬ್ಯಾಟ್ರಿ ಭಾಳ ಚೆನ್ನಾಗೈತೆ ಕಣೋ!"

ಗಿರೀಶ ತಿರುಗಿ ನಕ್ಕ.

"ಅದನ್ನ ಯಾಕೆ ಅಷ್ಟು ಕೂಗಿ ಹೇಳ್ಬೇಕೋ?" ಎಂದಳು ಅಜ್ಜಿ.

ಸಂಗೀತ ಮಾತ್ರ ಯಾಕೆ ಅನ್ನಲಿಲ್ಲ. ಆ ಕೂಗಿನೊಳಗೆ ಚಿಕ್ಕಪ್ಪ 'ಸಾರಿ' ಹೇಳಿದ್ದು ಅವಳಿಗೆ ಕೇಳಿಸಿತ್ತು.