ಏಳು ಮೊಟ್ಟೆಗಳ ಗೂಡು

ಭೂವಿಜ್ಞಾನಿ ಪ್ಲಾಸ್ಟರಿನ ಕಟ್ಟು ಸೀಳಿ, ಒಳಗಿನ ಕಾಗದ ಸುಲಿದಳು. ಒಳಗಿದ್ದದ್ದು ಬರೀ ಕಲ್ಲು!

ಡೈನೋಸಾರ್ ಕಾಲದ ಆ ಏಳು ಮೊಟ್ಟೆಗಳೆಲ್ಲಿ?

ಗುಡ್ಡದ ಸುಣ್ಣಕಲ್ಲಿನ ಪದರದಿಂದ ಗೂಡನ್ನು ಇಡಿಯಾಗಿ ಬಿಡಿಸಲು ನಾಲ್ಕು ತಿಂಗಳು ಹಿಡಿದಿತ್ತು. ಇವತ್ತು ಹನ್ನೊಂದು ಗಂಟೆಗೆ, ಗುಡ್ಡ ಉಳಿಸಬೇಕೇ ಎಂದು ತೀರ್ಮಾನಿಸುವ ಸರ್ಕಾರಿ ಸಮಿತಿ ಬರುವುದಿತ್ತು. ಮೊಟ್ಟೆ ಕಣ್ಣಾರೆ ಕಂಡರೆ ಮಾತ್ರ ಗುಡ್ಡಕ್ಕೆ ರಕ್ಷಣೆ. ಇಲ್ಲದಿದ್ದರೆ ಕ್ವಾರಿಯವರು ಇವತ್ತೇ ಸಿಡಿಮದ್ದು ಇಡುತ್ತಾರೆ. ಫೋಟೋ ತೋರಿಸಿ ಪ್ರಯೋಜನವಿಲ್ಲ ಎಂದು ಸಮಿತಿಯವರು ಮೊದಲೇ ಹೇಳಿಬಿಟ್ಟಿದ್ದರು.

ಅವಳು ಫೋನ್ ಮಾಡಿ ಕರೆಸಿದ ಪೊಲೀಸ್ ಇನ್‌ಸ್ಪೆಕ್ಟರಮ್ಮ ಬಂದವರೇ ಮೇಜಿನ ಸುತ್ತ ಒಂದು ಸುತ್ತು ಹಾಕಿದರು.

"ಕಟ್ಟಿದ್ದು ಯಾರು?"

"ನನ್ನ ತಮ್ಮ. ನನ್ನ ಕಣ್ಣೆದುರಿಗೇ. ಆಮೇಲೆ ಮೂರು ದಿನ ಕ್ವಾರಿ ಶೆಡ್ಡಿನಲ್ಲಿತ್ತು."

"ಕೀಲಿ?"

"ನಮ್ಮ ಹತ್ರ ಒಂದು, ಕ್ವಾರಿ ಮ್ಯಾನೇಜರ್ ಹತ್ರ ಒಂದು."

"ಅವನನ್ನೇ ಹಿಡೀರಿ ಮೇಡಂ!" ಬಾಗಿಲಲ್ಲಿ ನಿಂತಿದ್ದ ತಮ್ಮ ಅಂದ. "ಗುಡ್ಡ ಹೋದ್ರೆ ಲಾಭ ಅವನಿಗೆ ತಾನೆ?"

"ಕಟ್ಟುವಾಗ ಮ್ಯಾನೇಜರ್ ನೋಡಿದ್ರಾ?"

"ಇಲ್ಲ. ನಾವಿಬ್ರು ಬಿಟ್ರೆ ಅಲ್ಲಿ ನರಪಿಳ್ಳೆ ಇರಲಿಲ್ಲ" ಎಂದಳು ಅಕ್ಕ.

ಇನ್‌ಸ್ಪೆಕ್ಟರ್ ಸುಲಿದ ಕಾಗದ ಎತ್ತಿಕೊಂಡರು. "ಇದು ಯಾಕೆ?"

"ಪ್ಲಾಸ್ಟರ್ ಮೊಟ್ಟೆಗೆ ಅಂಟಬಾರದು ಅಂತ. ಮೊದಲು ಒದ್ದೆ ಕಾಗದ ಹೊದಿಸಿ, ಆಮೇಲೆ—"

ಅವಳು ಆ ಕಾಗದವನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು.

"ಶೆಡ್ಡಿನಲ್ಲಿ ಯಾರೋ ಇಡೀ ಕಟ್ಟನ್ನೇ ಬದಲಾಯಿಸಿದ್ದಾರೆ. ಹೊರಗಿಂದ ಈ ಕಾಗದ ಕಾಣಲ್ಲ, ಅಲ್ವಾ? ಮ್ಯಾನೇಜರ್ ಕಂಡಿದ್ದು ಬಿಳೀ ಉಂಡೆ ಅಷ್ಟೆ. ಅವನಾಗಿದ್ರೆ ಕಲ್ಲಿಗೇ ಪ್ಲಾಸ್ಟರ್ ಮೆತ್ತುತ್ತಿದ್ದ. ಬರೀ ಕಲ್ಲಿಗೆ ಇಷ್ಟು ಜೋಪಾನವಾಗಿ ಕಾಗದ ಹೊದಿಸೋದು ರೂಢಿ ಇರೋ ಕೈ." ಅವರು ಬಾಗಿಲ ಕಡೆ ತಿರುಗಿದರು. "ನಿಮ್ಮದೇ, ಅಲ್ವೇನ್ರೀ?"

ತಮ್ಮ ತಲೆ ತಗ್ಗಿಸಿದ. "ಕಾಗದ ಇಡದೆ ಕಟ್ಟೋಕೆ ಕೈ ಬರ್ಲಿಲ್ಲ, ಅಕ್ಕ. ನೀನೇ ಕಲಿಸಿದ್ದು."

"ಯಾಕೋ ಹೀಗ್ ಮಾಡ್ದೆ?"

"ಕ್ವಾರಿ ಮುಚ್ಚಿದ್ರೆ ನನ್ನ ಮಾವ, ಭಾವಮೈದುನರು ಎಲ್ಲಾ ಬೀದಿಪಾಲು. ಕಲ್ಲು ಒಡೆಯೋದು ಬಿಟ್ರೆ ಅವರಿಗೆ ಬೇರೇನೂ ಗೊತ್ತಿಲ್ಲ."

"ಮೊಟ್ಟೆ ಎಲ್ಲಿ?"

"ಜಲ್ಲಿ ಮಾಡೋ ಕ್ರಷರ್‌ಗೆ ಹಾಕ್ದೆ."

ಹೊಡೆಯಬೇಕೆನಿಸಿತು ಅವಳಿಗೆ. ಕೈ ಏಳಲಿಲ್ಲ. ದೂರು ಬರೆದುಕೊಡಿ ಎಂದು ಇನ್‌ಸ್ಪೆಕ್ಟರ್ ಕೊಟ್ಟ ಹಾಳೆ ಮೇಜಿನ ಮೇಲೇ ಖಾಲಿ ಉಳಿಯಿತು. ಬರೆದು ಯಾವ ಮೊಟ್ಟೆ ವಾಪಸು ಬರಬೇಕು? ಸಮಿತಿಯವರು ಬಂದರು, ಕಲ್ಲು ನೋಡಿದರು, ಅಯ್ಯೋ ಪಾಪ ಅಂದು ಹೋದರು.

ಸಂಜೆ ನಾಲ್ಕಕ್ಕೆ ಗುಡ್ಡ ಸಿಡಿಯಿತು. ಕಿಟಕಿಗಳು ಗಡಗಡ ನಡುಗಿದವು, ಕಪಾಟು ಅಲುಗಿತು. ಮೂಲೆಯಲ್ಲಿ ಕೂತಿದ್ದ ತಮ್ಮ ಎದ್ದವನೇ ಓಡಿಬಂದು, ಕ್ವಾರಿಯಲ್ಲಿ ಮದ್ದು ಸಿಡಿದಾಗಲೆಲ್ಲ ಮಾಡುತ್ತಿದ್ದ ಹಾಗೆ, ಕಪಾಟನ್ನು ಎರಡೂ ಕೈಯಿಂದ ತಬ್ಬಿ ಹಿಡಿದ. ಮೊಟ್ಟೆಗಳಿಗೆಂದು ತೆರವು ಮಾಡಿಟ್ಟಿದ್ದ ಆ ಕಪಾಟಿನಲ್ಲಿ ಬೀಳುವಂಥದ್ದು ಏನೂ ಇರಲಿಲ್ಲ.